ಹದಿನಾಲ್ಕು ತಿಂಗಳು ಸ್ಟುಟ್‌ಗಾರ್ಟ್‌ನಲ್ಲಿದ್ದೆ, ಜರ್ಮನ್ ಯಾಕೆ ಬರಲಿಲ್ಲ?

ಪ್ರಶ್ನೆ: ನಾನು ಬನಶಂಕರಿಯವನು, ವಯಸ್ಸು 31. ಬೆಂಗಳೂರಿನಲ್ಲೇ ಜರ್ಮನ್‌ನ ಮಧ್ಯಮ ಮಟ್ಟದ ಬಿ1 ಪರೀಕ್ಷೆ ಮುಗಿಸಿ ಕೆಲಸಕ್ಕೆ ಸ್ಟುಟ್‌ಗಾರ್ಟ್‌ಗೆ ಹೋದೆ. ಅಲ್ಲಿಗೆ ಹೋದರೆ ಆರು ತಿಂಗಳಲ್ಲಿ ಭಾಷೆ ತಾನಾಗಿ ಬರುತ್ತೆ ಅಂತ ಎಲ್ಲರೂ ಹೇಳಿದ್ದರು. ಹದಿನಾಲ್ಕು ತಿಂಗಳಾಯಿತು, ಬರಲಿಲ್ಲ. ಆಫೀಸಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಹೆಂಡತಿ ಜೊತೆ ಕನ್ನಡ. ಅಂಗಡಿಯಲ್ಲಿ ನಾನು ಜರ್ಮನ್‌ನಲ್ಲಿ ಶುರು ಮಾಡಿದರೆ ಅವರು ಇಂಗ್ಲಿಷ್‌ಗೆ ತಿರುಗುತ್ತಾರೆ. ಅವರು ತಮ್ಮತಮ್ಮಲ್ಲಿ ಮಾತಾಡುವುದನ್ನು ಕೇಳಿದರೆ ಅದು ನಾನು ಕಲಿತ ಜರ್ಮನ್ನೇ ಅಲ್ಲ ಅನ್ನಿಸುತ್ತದೆ. ಈಗ ಒಂದು ತಿಂಗಳ ರಜೆಗೆ ಊರಿಗೆ ಬಂದಿದ್ದೇನೆ. ನನ್ನ ತಲೆಗೆ ಭಾಷೆ ಹತ್ತುವುದಿಲ್ಲವೇ? ಮನೆಯಲ್ಲಿ ಕನ್ನಡ ಬಿಡಬೇಕೇ? ವಾಪಸ್ ಹೋದ ಮೇಲೆ ಏನು ಬದಲಾಯಿಸಲಿ?

ಉತ್ತರ: ನಿಮ್ಮ ತಲೆಗೆ ಏನೂ ಆಗಿಲ್ಲ. ಮೊದಲು ಆ ಚಿಂತೆ ಬಿಡಿ. ಇಲ್ಲಿ ಕೆಲಸ ಮಾಡಿಕೊಂಡೇ ಬಿ1 ಪಾಸಾದವರಿಗೆ ಭಾಷೆ ಹತ್ತುವುದಿಲ್ಲ ಅನ್ನುವ ಪ್ರಶ್ನೆಯೇ ಇಲ್ಲ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬೆಂಗಳೂರಿನಲ್ಲಿ ಜರ್ಮನ್ ಕಲಿಸುತ್ತಿದ್ದೇನೆ. ನಿಮ್ಮದೇ ಪ್ರಶ್ನೆಯನ್ನು ವರ್ಷಕ್ಕೆ ಹತ್ತು ಜನವಾದರೂ ಕೇಳುತ್ತಾರೆ. ಕೇಳುವಾಗ ಎಲ್ಲರ ದನಿಯೂ ಸ್ವಲ್ಪ ತಗ್ಗಿರುತ್ತದೆ, ಏನೋ ತಪ್ಪು ಮಾಡಿದವರ ಹಾಗೆ. ನೀವು ತಪ್ಪು ಮಾಡಿಲ್ಲ. ನಿಮಗೆ ಹೇಳಿದ ಮಾತು ತಪ್ಪು.

ಒಂದು ಲೆಕ್ಕ ಮಾಡೋಣ. ರಜೆಗೆ ಬರುವ ಮುಂಚಿನ ಯಾವುದಾದರೂ ಒಂದು ಮಂಗಳವಾರವನ್ನು ನೆನಪಿಗೆ ತಂದುಕೊಳ್ಳಿ. ಬೆಳಗ್ಗೆ ಬೇಕರಿಯಲ್ಲಿ ಎರಡು ವಾಕ್ಯ. ರೈಲಿನಲ್ಲಿ ಮುಂದಿನ ನಿಲ್ದಾಣದ ಘೋಷಣೆ. ಲಿಫ್ಟ್‌ನಲ್ಲಿ ಒಂದು ನಮಸ್ಕಾರ. ಸಂಜೆ ಸೂಪರ್ ಮಾರ್ಕೆಟ್‌ನಲ್ಲಿ ಚೀಲ ಬೇಕಾ, ಬೇಡವಾ. ಎಲ್ಲ ಸೇರಿಸಿದರೆ ಹತ್ತು ನಿಮಿಷ ದಾಟಿದರೆ ಹೆಚ್ಚು. ದಿನಕ್ಕೆ ಹತ್ತು ನಿಮಿಷದಂತೆ ಹದಿನಾಲ್ಕು ತಿಂಗಳಿಗೆ ಸುಮಾರು 70 ಗಂಟೆ. ಹೊಸದಾಗಿ ಬಂದವರಿಗೆ ಜರ್ಮನ್ ಸರ್ಕಾರವೇ ನಡೆಸುವ ಕೋರ್ಸ್‌ನಲ್ಲಿ ಬಿ1 ಮಟ್ಟಕ್ಕೆ ತರಲು ಇಟ್ಟಿರುವ ಭಾಷಾ ಪಾಠ 600 ಅವಧಿ. ಒಂದು ಅವಧಿಗೆ 45 ನಿಮಿಷ, ಅಂದರೆ 450 ಗಂಟೆ. ನೀವು ಜರ್ಮನಿಯಲ್ಲಿ ಹದಿನಾಲ್ಕು ತಿಂಗಳು ಇದ್ದದ್ದು ನಿಜ. ಜರ್ಮನ್ ಭಾಷೆಯ ಒಳಗೆ ಇದ್ದದ್ದು 70 ಗಂಟೆ. ಅದೂ ಹತ್ತಿಪ್ಪತ್ತು ಸೆಕೆಂಡುಗಳ ಚೂರುಗಳಲ್ಲಿ.

ಇದು ಬೆಂಗಳೂರಿನವರಿಗೆ ಹೊಸ ವಿಷಯ ಅಲ್ಲ, ಅಲ್ವಾ? ವೈಟ್‌ಫೀಲ್ಡ್, ಮಾರತಹಳ್ಳಿ ಕಡೆ ಹತ್ತು ವರ್ಷದಿಂದ ಇರುವ ನಿಮ್ಮ ಸಹೋದ್ಯೋಗಿಗಳನ್ನೇ ನೆನೆಸಿಕೊಳ್ಳಿ. ಎಷ್ಟೋ ಜನಕ್ಕೆ 'ಸ್ವಲ್ಪ ಸ್ವಲ್ಪ' ಅನ್ನುವುದರಾಚೆ ಕನ್ನಡ ಬರುವುದಿಲ್ಲ. ಬೇಡ ಅಂದುಕೊಂಡು ಬಿಟ್ಟವರು ಅವರಲ್ಲಿ ಕಡಿಮೆ. ಅವರ ದಿನದಲ್ಲಿ ಕನ್ನಡ ಇಲ್ಲದೆ ನಿಂತುಹೋಗುವ ಕೆಲಸ ಒಂದೂ ಇಲ್ಲ, ಅಷ್ಟೇ. ಇನ್ನು ಚಿಕ್ಕಪೇಟೆಗೆ ಬನ್ನಿ, ಅವೆನ್ಯೂ ರಸ್ತೆಗೆ ಬನ್ನಿ. ರಾಜಸ್ಥಾನದಿಂದ ಬಂದು ಅಂಗಡಿ ಇಟ್ಟವರು ಗಲ್ಲಾ ಮುಂದೆ ಕೂತು ತುಮಕೂರು, ಕೋಲಾರ, ರಾಮನಗರದಿಂದ ಮದುವೆ ಸೀರೆಗೆ ಬಂದ ಹೆಂಗಸರ ಜೊತೆ ಎಷ್ಟು ಸಲೀಸಾಗಿ ಮಾತಾಡುತ್ತಾರೆ! 'ಬನ್ನಿ ಅಕ್ಕ, ಕೂತ್ಕೊಳ್ಳಿ, ಯಾವ ಬಣ್ಣ ತೋರಿಸ್ಲಿ' ಅಂತ ಶುರುವಾಗಿ, ಚೌಕಾಸಿ, ಮದುವೆ ಯಾವ ಊರಲ್ಲಿ, ಗಂಡಿನ ಕಡೆಯವರು ಯಾರು ಅನ್ನುವವರೆಗೆ ಹೋಗುತ್ತದೆ. ಅವರು ಯಾವ ಕ್ಲಾಸಿಗೂ ಹೋದವರಲ್ಲ. ದಿನಾ ಅದೇ ಇಪ್ಪತ್ತು ವಾಕ್ಯ, ನೂರು ಸಲ. ಆ ವಾಕ್ಯ ಕೇಳುವವರು ಮಾತು ಮುಗಿಯುವವರೆಗೆ ಎದ್ದು ಹೋಗುವುದಿಲ್ಲ. ಆಮೇಲೆ ಇಪ್ಪತ್ತು ಇನ್ನೂರಾಗುತ್ತದೆ.

ನಾನು ನಿಮಗೆ ಹೇಳಬೇಕಾದ್ದರ ತಿರುಳು ಇದು: ಊರಿಗೆ ಹೋದ ಮಾತ್ರಕ್ಕೆ ಭಾಷೆ ಬರುವುದಿಲ್ಲ, ಆ ಊರಿನ ಮೂರೋ ನಾಲ್ಕೋ ಜನಕ್ಕೆ ನೀವು ಬೇಕಾದವರಾದಾಗ ಬರುತ್ತದೆ. ಅದೇ ಜನ, ಅದೇ ಜಾಗ, ವಾರವಾರವೂ. ಜೊತೆಗೆ ಕೈಗೆ ಏನಾದರೂ ಕೆಲಸ. ಬರೀ ಮಾತಿಗೆ ಅಂತ ಕೂತರೆ ಮಾತು ಬೇಗ ಖಾಲಿಯಾಗುತ್ತದೆ.

ನನ್ನ ಕಥೆ ಹೇಳುತ್ತೇನೆ. ನಾನು ಓದಿದ್ದು ನಿಮ್ಮ ಸ್ಟುಟ್‌ಗಾರ್ಟ್‌ಗೆ ಹತ್ತಿರದ ಟ್ಯೂಬಿಂಗನ್‌ನಲ್ಲಿ. ಮೊದಲ ಐದು ತಿಂಗಳು ಬೇರೆ ದೇಶದ ವಿದ್ಯಾರ್ಥಿಗಳ ಜೊತೆ ಇಂಗ್ಲಿಷ್‌ನಲ್ಲೇ ಕಳೆದೆ. ಆಮೇಲೆ ಒಂದು ಹಳೇ ಮನೆಯ ಮೇಲಿನ ಕೋಣೆಗೆ ಹೋದೆ. ನೀವಿರುವ ಸೀಮೆಯ 'ಕೇರ್‌ವೊಖ' ಗೊತ್ತಲ್ಲ? ಕಟ್ಟಡದ ಮೆಟ್ಟಿಲು, ಮುಂದಿನ ಕಾಲುದಾರಿ ಗುಡಿಸಿ ಒರೆಸುವ ಸರದಿ. ನಿಮ್ಮ ವಾರ ಬಂದಾಗ ಬಾಗಿಲಿಗೆ ಒಂದು ಪುಟ್ಟ ಹಲಗೆ ನೇತಾಡುತ್ತದೆ. ನನ್ನ ಬಾಗಿಲಿಗೆ ಅದು ಬಂದಾಗ ಏನು ಮಾಡಬೇಕೋ ಗೊತ್ತಾಗಲಿಲ್ಲ. ಕೆಳಗಿನ ಮನೆಯ ಅಜ್ಜಿ ಬಂದರು. ಬೈಯಲಿಲ್ಲ. ಪೊರಕೆ ತಂದು ಕೈಗೆ ಕೊಟ್ಟು, ಮೇಲಿನ ಮೆಟ್ಟಿಲಿಂದ ಹೇಗೆ ಇಳಿಯುತ್ತ ಬರಬೇಕು ಅಂತ ತೋರಿಸಿದರು. ಅವರಿಗೆ ಇಂಗ್ಲಿಷ್ ಒಂದಕ್ಷರವೂ ಬರುತ್ತಿರಲಿಲ್ಲ. ನನ್ನ ಪಾಲಿಗೆ ಅದೇ ಭಾಗ್ಯ.

ಅಲ್ಲಿಂದ ಪ್ರತಿ ಶನಿವಾರ ಮೆಟ್ಟಿಲ ಮೇಲೆ ನಮ್ಮ ಮಾತು. ಪೊರಕೆ, ಬಕೆಟ್, ಒರೆಸುವ ಬಟ್ಟೆ, ಹಿಮ, ಹಿಮದ ಮೇಲೆ ಹಾಕುವ ಉಪ್ಪು. ನಂತರ ಅವರ ಮಂಡಿನೋವು. ನಂತರ ನಮ್ಮ ಅಮ್ಮ ಏನು ಅಡುಗೆ ಮಾಡುತ್ತಾರೆ, ನಮ್ಮಲ್ಲಿ ಹಿಮ ಬೀಳುತ್ತದಾ. ಅವರು ಹೇಳಿದ್ದನ್ನೇ ಮೂರು ಸಲ ಹೇಳುತ್ತಿದ್ದರು, ವಯಸ್ಸಾದವರ ಹಾಗೆ. ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಒಂದು ಚಳಿಗಾಲದ ಬೆಳಗ್ಗೆ ನಾನು 'ಇಶ್ ಬಿನ್ ಕಾಲ್ಟ್' ಅಂದೆ. 'ನನಗೆ ಚಳಿ' ಅನ್ನುವುದು ನನ್ನ ಮನಸ್ಸಿನಲ್ಲಿತ್ತು. ಅಜ್ಜಿ ನನ್ನ ಕೈ ಹಿಡಿದುಕೊಂಡು, ನೀನು ಹಾಗಲ್ಲ ಮಗು, 'ಮಿಯರ್ ಇಸ್ಟ್ ಕಾಲ್ಟ್' ಅನ್ನು ಅಂದರು. ನಾನು ಹೇಳಿದ್ದಕ್ಕೆ 'ನಾನು ಮನಸ್ಸಿನಲ್ಲಿ ತಣ್ಣಗಿರುವವನು, ಮಮತೆ ಇಲ್ಲದವನು' ಎಂಬ ಅರ್ಥ ಬರುತ್ತದೆ.

ಕೋಣೆಗೆ ಹೋಗಿ ಯೋಚಿಸಿದೆ. 'ಮಿಯರ್' ಅಂದರೆ 'ನನಗೆ'. 'ಮಿಯರ್ ಇಸ್ಟ್ ಕಾಲ್ಟ್' ಅಂದರೆ 'ನನಗೆ ಚಳಿ'. ಅಕ್ಷರಕ್ಕೆ ಅಕ್ಷರ ಕನ್ನಡ! ನಾನು ಇಂಗ್ಲಿಷ್ ದಾರಿಯಲ್ಲಿ ಸುತ್ತಿಕೊಂಡು ಹೋಗಿದ್ದರಿಂದ ತಪ್ಪಿತ್ತು. ಕನ್ನಡದಿಂದ ನೇರವಾಗಿ ಹೋಗಿದ್ದರೆ ಸರಿಯಾಗುತ್ತಿತ್ತು. ಅವತ್ತಿನಿಂದ ನನ್ನ ಕಲಿಕೆಯ ದಾರಿಯೇ ಬದಲಾಯಿತು. ಇವತ್ತಿಗೂ ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಹೇಳುತ್ತೇನೆ. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಹೊಸ ಭಾಷೆ ಅಂದ ತಕ್ಷಣ ಇಂಗ್ಲಿಷ್‌ನಿಂದ ಅನುವಾದ ಮಾಡಲು ಹೊರಡುತ್ತೇವೆ. ಮನೆಯಲ್ಲೇ ಇರುವ ಏಣಿಯನ್ನು ಬಿಟ್ಟು ಪಕ್ಕದ ಬೀದಿಯಿಂದ ಏಣಿ ತರಲು ಹೋದ ಹಾಗೆ.

ಸ್ವಲ್ಪ ನೋಡಿ. ನಿಮಗೆ ಒಂದು ವಸ್ತು ಇಷ್ಟವಾದರೆ 'ಡಾಸ್ ಗೆಫೆಲ್ಟ್ ಮಿಯರ್' ಅನ್ನುತ್ತೀರಿ. 'ಅದು ನನಗೆ ಹಿಡಿಸಿತು.' ಇಲ್ಲೂ 'ನನಗೆ'. ನಮ್ಮ ಚತುರ್ಥಿ ವಿಭಕ್ತಿ ಗೊತ್ತಿರುವವರಿಗೆ ಜರ್ಮನ್‌ನ ಡೇಟಿವ್ ಹೊಸ ದೇವರಲ್ಲ. 'ವೈಲ್' ಅಂದರೆ 'ಯಾಕಂದರೆ'. ಅದು ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ: 'ವೈಲ್ ಇಶ್ ಹೊಯ್ಟ ಕೈನ ತ್ಸೈಟ್ ಹಾಬ'. ಇಂಗ್ಲಿಷ್ ಮಾತಾಡುವವರಿಗೆ ಇದು ತಲೆನೋವು. ನಮಗೆ ಏನು ಕಷ್ಟ? ಹುಟ್ಟಿದಾಗಿನಿಂದ ಕ್ರಿಯಾಪದವನ್ನು ಕೊನೆಯಲ್ಲೇ ಇಟ್ಟವರು ನಾವು. 'ಝೀ' ಮತ್ತು 'ಡು' ವ್ಯತ್ಯಾಸಕ್ಕೆ ಕನ್ನಡಿಗರಿಗೆ ಪಾಠವೇ ಬೇಡ, ನೀವು ಮತ್ತು ನೀನು. ಯಾವಾಗ ಒಂದನ್ನು ಬಿಟ್ಟು ಇನ್ನೊಂದಕ್ಕೆ ಇಳಿಯಬಹುದು ಅನ್ನುವ ಸೂಕ್ಷ್ಮವೂ ನಮಗೆ ರಕ್ತದಲ್ಲೇ ಇದೆ. ಹಿರಿಯರೇ 'ಡು' ಅನ್ನೋಣ ಅಂತ ಹೇಳುವವರೆಗೆ 'ಝೀ'.

ನನಗೆ ಇನ್ನೂ ಇಷ್ಟವಾದ್ದು ಸಣ್ಣಸಣ್ಣ ಪದಗಳು. 'ವಾರ್ಟ ಮಾಲ್' ಅನ್ನುತ್ತಾರೆ. 'ವಾರ್ಟ' ಅಂದರೆ 'ತಾಳು'. ಆ 'ಮಾಲ್' ಏನು ಅಂತ ಪುಸ್ತಕ ಸರಿಯಾಗಿ ಹೇಳುವುದಿಲ್ಲ. ನಾನು ಹೇಳುತ್ತೇನೆ, ಅದು ನಮ್ಮ 'ಸ್ವಲ್ಪ'. 'ಸ್ವಲ್ಪ ತಾಳು', 'ಸ್ವಲ್ಪ ಬಾ', 'ಸ್ವಲ್ಪ ನೋಡು'. ಅಳತೆಯ ಸ್ವಲ್ಪ ಅಲ್ಲ, ಮಾತಿನ ಮೊನೆ ಮುರಿಯುವ ಸ್ವಲ್ಪ. ನಿಮ್ಮ ಊರಿನವರು ವಾಕ್ಯದ ಕೊನೆಗೆ 'ಗೆಲ್?' ಅಂತ ಸೇರಿಸುವುದನ್ನು ಕೇಳಿರುತ್ತೀರಿ. ಅದು ನಮ್ಮ 'ಅಲ್ವಾ?'. ಮುಂದಿನ ಸಲ ಬೇಕರಿಯಲ್ಲಿ 'ಇವತ್ತು ಚಳಿ, ಗೆಲ್?' ಅಂತ ಜರ್ಮನ್‌ನಲ್ಲಿ ಹೇಳಿ ನೋಡಿ. ಎದುರಿನವರ ಮುಖ ಬದಲಾಗುವುದನ್ನು ನೀವೇ ಕಾಣುತ್ತೀರಿ.

ಅವರು ಆಡುವುದು ನೀವು ಕಲಿತ ಜರ್ಮನ್ ಅಲ್ಲ ಅಂದಿರಿ. ಸರಿಯಾಗಿಯೇ ಗುರುತಿಸಿದ್ದೀರಿ. ಸ್ಟುಟ್‌ಗಾರ್ಟ್ ಸೀಮೆಯ ಆಡುಮಾತು ಶ್ವೇಬಿಶ್. ಪುಸ್ತಕದ 'ನಿಶ್ಟ್' ಅಲ್ಲಿ 'ನೆಟ್' ಆಗುತ್ತದೆ. 'ಇಶ್ ಹಾಬ' ಅನ್ನುವುದು 'ಇ ಹಾನ್' ಆಗುತ್ತದೆ. ಚಿಕ್ಕದನ್ನು, ಮುದ್ದಿನದನ್ನು ಹೇಳಲು ಪುಸ್ತಕದಲ್ಲಿ 'ಶೆನ್' ಸೇರಿಸಿದರೆ ಅಲ್ಲಿ 'ಲ' ಸೇರಿಸುತ್ತಾರೆ. ಊಟದ 'ಶ್ಪೆಟ್ಸ್‌ಲ'ದ ಕೊನೆಯಲ್ಲಿರುವುದೂ ಅದೇ 'ಲ'. ಅರ್ಥ ಬದಲಾಗುವ ಪದಗಳೂ ಇವೆ. 'ಟೆಪಿಶ್' ಅಂದರೆ ನಿಮ್ಮ ಪುಸ್ತಕದಲ್ಲಿ ನೆಲಹಾಸು. ಶ್ವೇಬಿಶ್‌ನಲ್ಲಿ ಹೊದೆಯುವ ಕಂಬಳಿಗೂ ಅದೇ ಹೆಸರು. 'ಫೂಸ್' ಅಂದರೆ ಪುಸ್ತಕದಲ್ಲಿ ಬರೀ ಪಾದ, ಅವರ ಬಾಯಲ್ಲಿ ಇಡೀ ಕಾಲು. ನಮ್ಮ 'ಕಾಲು' ಪದದ ಹಾಗೆಯೇ! ನನ್ನ ಅಜ್ಜಿ 'ಫೂಸ್' ನೋಯುತ್ತದೆ ಅಂತ ಮಂಡಿ ತೋರಿಸಿದಾಗ ನನಗೆ ಅದು ತಟ್ಟನೆ ಹೊಳೆದಿತ್ತು.

ಬೆಂಗಳೂರಿಗೆ ಬಂದು ಪುಸ್ತಕದಿಂದ ಕನ್ನಡ ಕಲಿತವರ ಪಾಡು ಯೋಚಿಸಿ. 'ನಾನು ಮಾರುಕಟ್ಟೆಗೆ ಹೋಗುತ್ತಿದ್ದೇನೆ' ಅಂತ ಕಲಿತು ಕೆ.ಆರ್. ಮಾರ್ಕೆಟ್‌ಗೆ ಹೋದರೆ ಕಿವಿಗೆ ಬೀಳುವುದು 'ಮಾರ್ಕೆಟ್ಗೋಗ್ತಿದೀನಿ'. ಪಕ್ಕದಲ್ಲಿ ಧಾರವಾಡದವರಿದ್ದರೆ 'ಹೊಂಟೀನಿ'. ಅವರು ಕಲಿತದ್ದು ಸುಳ್ಳಾಯಿತೇ? ಇಲ್ಲ. ಅದು ಬರೆಯುವ ಕನ್ನಡ, ಇದು ಆಡುವ ಕನ್ನಡ, ಎರಡೂ ಬೇಕು. ನೀವು ಶ್ವೇಬಿಶ್ ಆಡಬೇಕಿಲ್ಲ. ಹೊರಗಿನವರು ಬಲವಂತವಾಗಿ ಆಡಿದರೆ ಚೆನ್ನಾಗಿಯೂ ಕೇಳಿಸುವುದಿಲ್ಲ. ಬಾಯಿಗೆ ಪುಸ್ತಕದ ಜರ್ಮನ್ ಸಾಕು. ಕಿವಿಗೆ ಮಾತ್ರ ಶ್ವೇಬಿಶ್ ಬೇಕು. ಸ್ಥಳೀಯ ರೇಡಿಯೊ ಎಸ್‌ಡಬ್ಲ್ಯುಆರ್ ಅಡುಗೆಮನೆಯಲ್ಲಿ ಹಾಡುತ್ತಿರಲಿ. ಜನ ಫೋನ್ ಮಾಡಿ ಮಾತಾಡುವ ಕಾರ್ಯಕ್ರಮಗಳು ಸುದ್ದಿಗಿಂತ ಒಳ್ಳೆಯವು. ಸುದ್ದಿ ಬೇಕೆನ್ನಿಸಿದರೆ ರಾತ್ರಿ 8 ಗಂಟೆಯ 'ಟಾಗೆಸ್‌ಶೌ' ನೋಡಿ. ಹದಿನೈದೇ ನಿಮಿಷ, ಉಚ್ಚಾರಣೆ ಸ್ವಚ್ಛ.

ಈಗ ಅಂಗಡಿಯವರು ಇಂಗ್ಲಿಷ್‌ಗೆ ತಿರುಗುವ ವಿಷಯ. ನಿಮಗೆ ಇದರಿಂದ ಅವಮಾನ ಆಗುತ್ತದೆ ಅಂತ ಪ್ರಶ್ನೆಯಲ್ಲೇ ಕಾಣುತ್ತದೆ. ಆದರೆ ನಾವೇನು ಮಾಡುತ್ತೇವೆ? ಯಾರಾದರೂ 'ಅಣ್ಣಾ... ಇದು... ಎಷ್ಟು...' ಅಂತ ತಡವರಿಸಿದರೆ ತಕ್ಷಣ ನಾವು ಹಿಂದಿಗೋ ಇಂಗ್ಲಿಷ್‌ಗೋ ತಮಿಳಿಗೋ ಹೋಗಿಬಿಡುತ್ತೇವೆ. ಅವರನ್ನು ಕೀಳಾಗಿ ಕಂಡು ಅಲ್ಲ. ಪಾಪ, ಕಷ್ಟಪಡುತ್ತಿದ್ದಾರೆ ಅಂತ. ಆ ಒಳ್ಳೆಯತನದಿಂದಲೇ ಎಷ್ಟೋ ಜನರ ಕನ್ನಡ ಚಿಗುರಿನಲ್ಲೇ ನಿಂತುಹೋಗಿದೆ. ಸ್ಟುಟ್‌ಗಾರ್ಟ್‌ನ ಬೇಕರಿಯವರು ಮಾಡುತ್ತಿರುವುದೂ ಅದನ್ನೇ. ಹಿಂದೆ ಆರು ಜನ ಸಾಲಿನಲ್ಲಿ ನಿಂತಿರುತ್ತಾರೆ ಬೇರೆ.

ಬೆಳಗ್ಗೆ ಎಂಟಕ್ಕೆ ಬೇಕರಿ ಭಾಷೆ ಕಲಿಯುವ ಜಾಗ ಅಲ್ಲ. ಮಧ್ಯಾಹ್ನ ಮೂರಕ್ಕೆ ಹೋಗಿ. ಅದಕ್ಕಿಂತ ಒಳ್ಳೆಯದು, ಮಂಗಳವಾರ, ಗುರುವಾರ, ಶನಿವಾರ ಊರ ನಡುವಿನ ಮಾರ್ಕ್ಟ್‌ಪ್ಲಾಟ್ಸ್‌ನಲ್ಲಿ ಸೇರುವ ಸಂತೆ. ಗಾಂಧಿ ಬಜಾರ್‌ನಲ್ಲಿ ನಿಮ್ಮ ಅಮ್ಮನಿಗೆ ಒಬ್ಬ ಖಾಯಂ ಸೊಪ್ಪಿನವರು ಇರುತ್ತಾರಲ್ಲ, ಹಾಗೆ ಅಲ್ಲಿ ಒಬ್ಬರನ್ನು ಹಿಡಿಯಿರಿ. ಪ್ರತಿ ಶನಿವಾರ ಅವರ ಹತ್ತಿರವೇ ತರಕಾರಿ. ಇದನ್ನು ಹೇಗೆ ಬೇಯಿಸುವುದು ಅಂತ ಕೇಳಿ. ಬೆಳೆದವರಿಗೆ ಆ ಪ್ರಶ್ನೆ ಕೇಳಿದರೆ ಉತ್ತರ ಒಂದು ವಾಕ್ಯದಲ್ಲಿ ಮುಗಿಯುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಎದುರಿನವರು ಭಾಷೆ ಬದಲಾಯಿಸುವುದು ನಿಮ್ಮ ವ್ಯಾಕರಣದ ತಪ್ಪು ಕೇಳಿ ಅಲ್ಲ, ನಿಮ್ಮ ತಡವರಿಕೆ ನೋಡಿ. ಆದ್ದರಿಂದ ಮೊದಲ ವಾಕ್ಯ ಬಾಯಿಪಾಠ ಇರಲಿ, ಒಂದೇ ಉಸಿರಿಗೆ ಬರಲಿ. ಮುಂದಿನದರಲ್ಲಿ ತಪ್ಪಿದರೆ ತಪ್ಪಲಿ. ಆದರೂ ಅವರು ಇಂಗ್ಲಿಷ್‌ಗೆ ತಿರುಗಿದರೆ ನಗುತ್ತಾ ಹೇಳಿ: 'ಇಶ್ ಲೆರ್ನ ಡಾಯ್ಚ್. ಬಿಟ್ಟ ಶ್ಪ್ರೆಶನ್ ಝೀ ಡಾಯ್ಚ್ ಮಿಟ್ ಮಿಯರ್.' ನಾನು ಜರ್ಮನ್ ಕಲಿಯುತ್ತಿದ್ದೇನೆ, ದಯವಿಟ್ಟು ನನ್ನ ಜೊತೆ ಜರ್ಮನ್‌ನಲ್ಲೇ ಮಾತಾಡಿ. ಬೆಂಗಳೂರಿನಲ್ಲಿ ಯಾರಾದರೂ ನಿಮಗೆ 'ಕನ್ನಡದಲ್ಲೇ ಹೇಳಿ, ಕಲೀತಿದೀನಿ' ಅಂದರೆ ನಿಮಗೆ ಎಷ್ಟು ಖುಷಿಯಾಗುತ್ತದೆ? ಅವರಿಗೂ ಅಷ್ಟೇ ಆಗುತ್ತದೆ.

ಇಷ್ಟಾದರೂ ಅಂಗಡಿ, ಸಂತೆ ಎಲ್ಲ ಉಪ್ಪಿನಕಾಯಿ. ಊಟ ಬೇರೆ ಕಡೆ ಇದೆ. ಜರ್ಮನಿಯಲ್ಲಿ 'ಫೆರೈನ್' ಅನ್ನುವ ನೋಂದಾಯಿತ ಸಂಘಗಳು 6 ಲಕ್ಷಕ್ಕೂ ಹೆಚ್ಚಿವೆ. ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ಹಾಡುವವರದು, ಚೆಸ್ ಆಡುವವರದು, ಜೇನು ಸಾಕುವವರದು. ಅಲ್ಲಿನವರ ಸ್ನೇಹ ಬೆಳೆಯುವುದು ಹೆಚ್ಚಾಗಿ ಇಲ್ಲೇ. ಮನೆಗೆ ಕರೆದು ಕಾಫಿ ಕೊಡುವ ಅಭ್ಯಾಸ ನಮ್ಮಷ್ಟು ಇಲ್ಲ, ಅದನ್ನು ತಿರಸ್ಕಾರ ಅಂದುಕೊಳ್ಳಬೇಡಿ. ನಿಮ್ಮ ಊರಲ್ಲೇ ಶ್ವೇಬಿಶರ್ ಆಲ್ಬ್‌ಫೆರೈನ್ ಇದೆ. 1888ರಲ್ಲಿ ಶುರುವಾದ, ಬೆಟ್ಟ ಕಾಡು ನಡೆಯುವವರ ಸಂಘ. ನನ್ನ ಕೇಳಿದರೆ ಭಾಷೆ ಕಲಿಯಲು ನಡಿಗೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಪಕ್ಕಪಕ್ಕದಲ್ಲಿ ನಡೆಯುವಾಗ ಮುಖ ನೋಡಬೇಕಿಲ್ಲ, ಮೌನವೂ ಭಾರ ಅನ್ನಿಸುವುದಿಲ್ಲ. ಕಣ್ಣಿಗೆ ಬಿದ್ದದ್ದರ ಹೆಸರು ಕೇಳುತ್ತಾ ಹೋಗಬಹುದು. ಮೂರು ಗಂಟೆ ನಡೆದರೆ ನಿಮ್ಮ ಹದಿನೆಂಟು ದಿನದ ಜರ್ಮನ್ ಒಂದೇ ಭಾನುವಾರದಲ್ಲಿ ಸಿಕ್ಕಿತು.

ಕಾಲು ನಿಮಗೆ ಒಗ್ಗದಿದ್ದರೆ ಕೈ ಇದೆ. ಹೆಚ್ಚಿನ ಊರುಗಳಲ್ಲಿ ದೊಡ್ಡವರಿಗಾಗಿ ನಡೆಯುವ ಕಲಿಕೆಯ ಶಾಲೆ, ಫೋಲ್ಕ್ಸ್‌ಹೋಖ್‌ಶೂಲ, ಇರುತ್ತದೆ. ಸ್ಟುಟ್‌ಗಾರ್ಟ್‌ನದು ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿದೆ. ಎಲ್ಲರೂ ಅಲ್ಲಿ ಜರ್ಮನ್ ಕ್ಲಾಸಿಗೆ ಸೇರುತ್ತಾರೆ. ನೀವು ಸೇರಬೇಡಿ. ಜರ್ಮನ್ ಕ್ಲಾಸಿನಲ್ಲಿ ಎಲ್ಲರೂ ನಿಮ್ಮ ಹಾಗೆ ಹೊರಗಿನವರೇ, ಮಾಸ್ತರರೊಬ್ಬರನ್ನು ಬಿಟ್ಟು. ಮಡಕೆ ಮಾಡುವುದಕ್ಕೋ, ಮರಗೆಲಸಕ್ಕೋ, ಅಡುಗೆಗೋ ಸೇರಿ. ಅಲ್ಲಿ ಸುತ್ತ ಊರಿನವರೇ ಇರುತ್ತಾರೆ. 'ಆ ಉಳಿ ಇಲ್ಲಿ ಕೊಡಿ' ಅನ್ನುವಾಗ ಯಾರೂ ಇಂಗ್ಲಿಷ್ ನೆನೆಸಿಕೊಳ್ಳುವುದಿಲ್ಲ. ಜರ್ಮನ್ ಕಲಿಯುವ ಕ್ಲಾಸ್ ನಿಮಗೆ ಇಲ್ಲೇ ಆಗಿದೆ. ಈಗ ಜರ್ಮನ್‌ನಲ್ಲಿ ಬೇರೇನನ್ನಾದರೂ ಕಲಿಯುವ ಸಮಯ.

ಆಫೀಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೀಟಿಂಗ್ ಇಂಗ್ಲಿಷ್‌ನಲ್ಲೇ ಇರಲಿ, ಅನ್ನದ ಪ್ರಶ್ನೆ. ಊಟದ ಮೇಜು ಮಾತ್ರ ನಿಮ್ಮದಾಗಲಿ. ವಾರಕ್ಕೆ ಒಂದು ದಿನ ಊಟಕ್ಕೆ ಜರ್ಮನ್ ಅಂತ ಟೀಮಿನವರಿಗೆ ಹೇಳಿ. ಬುಧವಾರ ಅನ್ನಿ. ಒಬ್ಬರನ್ನು ಮಾತ್ರ ತಿದ್ದಲು ಕೇಳಿಕೊಳ್ಳಿ, ಅದೂ ದಿನಕ್ಕೆ ಒಂದೇ ತಪ್ಪು. ಎಲ್ಲರೂ ಎಲ್ಲವನ್ನೂ ತಿದ್ದಲು ಶುರು ಮಾಡಿದರೆ ಬಾಯಿ ಕಟ್ಟುತ್ತದೆ.

ಮನೆಯಲ್ಲಿ ಕನ್ನಡ ಬಿಡಬೇಕೇ ಅಂತ ಕೇಳಿದ್ದೀರಿ. ಖಂಡಿತ ಬೇಡ. ದಯವಿಟ್ಟು ಬೇಡ. ಹೆಂಡತಿ ಜೊತೆ ಮುರುಕಲು ಜರ್ಮನ್ ಆಡಿದರೆ ಇಬ್ಬರ ತಪ್ಪೂ ಗಟ್ಟಿಯಾಗುತ್ತದೆ, ಮನೆ ಮನೆಯಾಗಿ ಉಳಿಯುವುದಿಲ್ಲ. ದಿನವಿಡೀ ಬೇರೆ ಭಾಷೆಯಲ್ಲಿ ತಡವರಿಸಿ ಬಂದವರಿಗೆ ಮನಸ್ಸು ಬಿಚ್ಚಿ ಮಾತಾಡುವ ಒಂದು ಜಾಗ ಬೇಕೇಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಕನ್ನಡ ಗಟ್ಟಿಯಾಗಿ ಉಳಿಸಿಕೊಂಡವರೇ ಜರ್ಮನ್ ಚೆನ್ನಾಗಿ ಕಲಿತರು. 'ಮಿಯರ್ ಇಸ್ಟ್ ಕಾಲ್ಟ್' ನೆನಪಿದೆಯಲ್ಲ? ನಿಮ್ಮ ಗಂಟೆಗಳನ್ನು ತಿನ್ನುತ್ತಿರುವುದು ಮನೆಯ ಕನ್ನಡ ಅಲ್ಲ, ಬಹುಶಃ ನಿಮ್ಮ ಶನಿವಾರ, ಭಾನುವಾರ. ಎಲ್ಲ ವಾರಾಂತ್ಯವೂ ಬೆಂಗಳೂರಿನ ಗೆಳೆಯರ ಜೊತೆಯೇ ಕಳೆಯುತ್ತಿದ್ದರೆ ಅದರಲ್ಲಿ ಒಂದು ದಿನವನ್ನು ಬೆಟ್ಟಕ್ಕೋ ಮಡಕೆಗೋ ಕೊಡಿ.

ಇನ್ನು ನೀವು ಕೇಳದೇ ಇರುವ ಒಂದು ವಿಷಯ. ನೀವು ಕನ್ನಡದಲ್ಲಿ, ಇಂಗ್ಲಿಷ್‌ನಲ್ಲಿ ಚೆನ್ನಾಗಿ ಮಾತಾಡುವವರು. ನಿಮ್ಮ ಪತ್ರ ನೋಡಿದರೆ ಗೊತ್ತಾಗುತ್ತದೆ. ಜರ್ಮನ್‌ನಲ್ಲಿ ಬಾಯಿ ತೆರೆದ ಕೂಡಲೇ ಐದು ವರ್ಷದ ಮಗು ಆಗುತ್ತೀರಿ. ಹೇಳಬೇಕಾದ್ದು ಎದೆತುಂಬ ಇರುತ್ತದೆ, ಬಾಯಿಗೆ ಬರುವುದು 'ಚೆನ್ನಾಗಿದೆ, ಚೆನ್ನಾಗಿಲ್ಲ'. ಎದುರಿನವರು ನಮ್ಮನ್ನು ದಡ್ಡರು ಅಂದುಕೊಂಡಾರು ಅನ್ನಿಸುತ್ತದೆ. ನಾನು ನೋಡಿದ ಹಾಗೆ ಜನ ಕಲಿಕೆ ಬಿಡುವುದು ವ್ಯಾಕರಣದ ಕಷ್ಟಕ್ಕೆ ಅಲ್ಲ, ಈ ನೋವಿಗೆ. ತುಂಬಾ ಓದಿದವರಿಗೆ, ಕೆಲಸದಲ್ಲಿ ಹೆಸರಿರುವವರಿಗೆ ಈ ನೋವು ಜಾಸ್ತಿ. ಗಾರೆ ಕೆಲಸಕ್ಕೆ ಬಂದ ಹುಡುಗ ಬೆಂಗಳೂರಿನಲ್ಲಿ ಎಂಟು ತಿಂಗಳಿಗೆ ಕನ್ನಡ ಆಡುವುದು ಇದೇ ಕಾರಣಕ್ಕೆ. ಮೇಸ್ತ್ರಿ ನಕ್ಕರೂ ಅವನು ಮಾತು ನಿಲ್ಲಿಸುವ ಹಾಗಿಲ್ಲ. ನೀವು ನಿಲ್ಲಿಸಬಹುದು, ಇಂಗ್ಲಿಷ್ ಇದೆ. ಅದಕ್ಕೇ ನಿಮಗೆ ಕಷ್ಟ. ಈ ನೋವು ಹೋಗುವುದಕ್ಕೆ ನನಗೆ ಗೊತ್ತಿರುವುದು ಒಂದೇ ದಾರಿ: ನಿಮ್ಮನ್ನು ದಡ್ಡರು ಅಂದುಕೊಳ್ಳದ ಒಬ್ಬರ ಮುಂದೆ ತಪ್ಪು ಮಾಡುತ್ತಾ ಹೋಗುವುದು. ನನಗೆ ಅದು ಕೆಳಮನೆಯ ಅಜ್ಜಿ.

ಎಷ್ಟು ದಿನ ಬೇಕು? ಆರು ತಿಂಗಳು ಅಂತ ನಾನು ಹೇಳುವುದಿಲ್ಲ. ವಾರಕ್ಕೆ ಆರೇಳು ಗಂಟೆ ನಿಜವಾದ ಮಾತುಕತೆ ಸಿಕ್ಕರೆ ಒಂದು ವರ್ಷದಲ್ಲಿ ನೀವು ಸಲೀಸಾಗಿ ಮಾತಾಡುತ್ತೀರಿ ಅಂತ ಅನುಭವದಿಂದ ಹೇಳಬಲ್ಲೆ. ನಿಮ್ಮದು ಬ್ಲೂ ಕಾರ್ಡ್, ಅಂದರೆ ಓದಿ ಕೆಲಸಕ್ಕೆ ಬಂದ ಹೊರದೇಶದವರಿಗೆ ಕೊಡುವ ವಾಸದ ಪರವಾನಗಿ, ಆಗಿದ್ದರೆ ಒಂದು ಮಾತು. ಬಿ1 ಇರುವವರು 21 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ಮೊದಲ ಮಟ್ಟದ ಎ1 ಮಾತ್ರ ಇದ್ದರೆ 27 ತಿಂಗಳು. ಆ ಪ್ರಮಾಣಪತ್ರ ಜೋಪಾನವಾಗಿ ಇಟ್ಟುಕೊಳ್ಳಿ.

ರಜೆಯಲ್ಲಿ ಒಂದು ದಿನ ಎಂ.ಜಿ. ರಸ್ತೆಯ ಮೇಯೋ ಹಾಲ್ ಹತ್ತಿರ ಹೋದರೆ ಕಿಟೆಲ್ ಪ್ರತಿಮೆಯ ಮುಂದೆ ಸ್ವಲ್ಪ ನಿಲ್ಲಿ. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಜರ್ಮನಿಯಿಂದ ಬಂದರು. ಬಂದದ್ದು ಕ್ರೈಸ್ತ ಧರ್ಮ ಪ್ರಚಾರಕ್ಕೆ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ, ಸುಮಾರು 70,000 ಪದ. ನಡುವೆ ನಲವತ್ತೊಂದು ವರ್ಷ. ಅದರಲ್ಲಿ ಹಳೆಯ ಕಾವ್ಯಗಳ ಪದಗಳ ಜೊತೆ ಜನ ಆಡುವ ಮಾತು, ಗಾದೆ ಎಲ್ಲ ಇವೆ. ಕೋಣೆಯಲ್ಲಿ ಕೂತವರಿಗೆ ಅವು ಸಿಗುವುದಿಲ್ಲ. ಅವರು ತೀರಿಕೊಂಡದ್ದು 1903ರಲ್ಲಿ, ನಾನು ಓದಿದ ಟ್ಯೂಬಿಂಗನ್‌ನಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ನಿಮ್ಮ ಸೀಮೆಯವರೇ. ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದವರು. 1881ರಲ್ಲಿ ಸ್ಟುಟ್‌ಗಾರ್ಟ್‌ಗೆ ತಾಗಿಕೊಂಡಿರುವ ಎಸ್‌ಲಿಂಗನ್‌ನಲ್ಲಿ ಕಣ್ಣು ಮುಚ್ಚಿದರು. ನೀವಿರುವ ಸೀಮೆಯಲ್ಲೇ ಕಣ್ಣು ಮುಚ್ಚಿದ ಈ ಇಬ್ಬರು ನಮ್ಮ ಭಾಷೆಗೆ ಅಷ್ಟು ಕೊಟ್ಟಿದ್ದಾರೆ ಅನ್ನುವುದು ನನ್ನನ್ನು ಯಾವಾಗಲೂ ತಟ್ಟುತ್ತದೆ. ಇದು ಸಂತೆಯಲ್ಲೋ ನಡಿಗೆಯಲ್ಲೋ ಹೇಳಲು ಒಳ್ಳೆಯ ಕಥೆ ಕೂಡ. ಅಲ್ಲಿನ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಈ ಒಂದು ತಿಂಗಳು ಬೆಂಗಳೂರಿನಲ್ಲಿ ಯಾವ ಕ್ರ್ಯಾಶ್ ಕೋರ್ಸಿಗೂ ದುಡ್ಡು ಹಾಕಬೇಡಿ. ಅಂಥ ಮೂರು ಕಥೆಗಳನ್ನು ಜರ್ಮನ್‌ನಲ್ಲಿ ತಯಾರು ಮಾಡಿಕೊಳ್ಳಿ, ಒಂದೊಂದು ಎರಡು ನಿಮಿಷದ್ದು. ಕಿಟೆಲ್ ಕಥೆ ಒಂದು, ನಿಮ್ಮ ಮನೆಯಲ್ಲಿ ದೋಸೆ ಮಾಡುವುದು ಒಂದು, ನಿಮ್ಮ ಬೀದಿ ಒಂದು. ಕನ್ನಡದಲ್ಲಿ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಜರ್ಮನ್‌ಗೆ ತನ್ನಿ. ಅಡುಗೆಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ.

ಇನ್ನೊಂದು, ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲೋ ಪಕ್ಕದ ಅಂಗಡಿಯಲ್ಲೋ ಈಗಷ್ಟೇ ಕನ್ನಡ ಕಲಿಯುತ್ತಿರುವ ಯಾರಾದರೂ ಇದ್ದೇ ಇರುತ್ತಾರೆ. ಅವರು ತಡವರಿಸಿದಾಗ ಹಿಂದಿಗೆ ಹೋಗಬೇಡಿ. ನಿಧಾನವಾಗಿ, ಸಣ್ಣ ವಾಕ್ಯದಲ್ಲಿ ಕನ್ನಡದಲ್ಲೇ ಇರಿ. ದಿನಾ ಐದು ನಿಮಿಷ. ಅವರು ಏನು ಮಾಡಿದಾಗ ನಿಮಗೆ ಮಾತು ಮುಂದುವರಿಸಬೇಕು ಅನ್ನಿಸಿತು, ಏನು ಮಾಡಿದಾಗ ಸಾಕು ಅನ್ನಿಸಿತು ಅಂತ ಗಮನಿಸಿ. ಸಂತೆಯ ತರಕಾರಿಯವರ ಮುಂದೆ ನೀವು ಹೇಗೆ ನಿಲ್ಲಬೇಕು ಅನ್ನುವುದು ಅದರಲ್ಲಿ ಸಿಗುತ್ತದೆ.

ಹೊರಡುವಾಗ ಕೋಡುಬಳೆಯ ಒಂದು ಪೊಟ್ಟಣ ಜಾಸ್ತಿ ಇಟ್ಟುಕೊಳ್ಳಿ. ವಾಪಸ್ ಹೋದ ವಾರವೇ ಕೆಳಗಿನ ಮನೆಯ ಹಿರಿಯರ ಬೆಲ್ ಒತ್ತಿ. ಊರಿಂದ ತಂದೆ ಅಂತ ಕೊಡಿ. ಆಮೇಲೆ ಈ ಒಂದು ಪ್ರಶ್ನೆ ಕೇಳಿ: 'ಝೈಟ್ ವಾನ್ ವೋನನ್ ಝೀ ಹಿಯರ್?' ನೀವು ಇಲ್ಲಿ ಯಾವಾಗಿನಿಂದ ಇದ್ದೀರಿ? ಕೇಳಿ ಸುಮ್ನೆ ನಿಂತುಕೊಳ್ಳಿ, ಅವರು ಹೇಳುತ್ತಾರೆ. ಎಲ್ಲ ಅರ್ಥವಾಗದಿದ್ದರೂ ಪರವಾಗಿಲ್ಲ. ಮುಂದಿನ ವಾರ ಕೇರ್‌ವೊಖ ಯಾರದು ಅಂತ ಕೇಳುವುದನ್ನು ಮರೆಯಬೇಡಿ.